ಹೆಸರು ಬದಲಿಸಿದರೂ ಕೋಡ್ ಸಿಕ್ಕಿಬೀಳುತ್ತದೆ

ಪುಣೆಯ ಬಿಬವೇವಾಡಿ. 1983ರಲ್ಲಿ ಶುರುವಾದ ವಿಶ್ವಕರ್ಮ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಇರುವುದು ಇಲ್ಲೇ. ಇಂಥ ಕಾಲೇಜುಗಳಿಗೆ ಕಂಪ್ಯೂಟರ್ ಓದಲು ಹೊರಡುವ ನಮ್ಮ ಮಕ್ಕಳಿಗೆ ಒಂದು ವಿಷಯ ಮೊದಲೇ ಗೊತ್ತಿರಲಿ.

ಗೆಳೆಯನ ಪ್ರೋಗ್ರಾಂ ತಗೊಂಡು, ವೇರಿಯಬಲ್ ಹೆಸರು ಬದಲಿಸಿ, ಕಾಮೆಂಟ್ ಅಳಿಸಿ ಕೊಟ್ಟರೆ ಯಾರಿಗೂ ಗೊತ್ತಾಗಲ್ಲ ಅಂತಾರೆ. ಗೊತ್ತಾಗುತ್ತದೆ! ಇದನ್ನು ಹಿಡಿಯಲೆಂದೇ ಅಲೆಕ್ಸ್ ಐಕೆನ್ 1994ರಲ್ಲಿ 'ಮಾಸ್' ಎಂಬ ತಂತ್ರಾಂಶ ರೂಪಿಸಿದರು. ಅದು ವೇರಿಯಬಲ್ ಹೆಸರನ್ನೂ ಖಾಲಿ ಜಾಗವನ್ನೂ ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಕೋಡನ್ನು ಚಿಕ್ಕ ಚಿಕ್ಕ ತುಂಡು ಮಾಡಿ, ಪ್ರತಿ ತುಂಡಿಗೂ ಒಂದು ಸಂಖ್ಯೆ ಕೊಟ್ಟು, ಅವುಗಳಲ್ಲಿ ಕೆಲವನ್ನು ಬೆರಳಚ್ಚಿನಂತೆ ಆರಿಸಿ, ಇಡೀ ಕ್ಲಾಸಿನ ಕೋಡಿನೊಂದಿಗೆ ತಾಳೆ ನೋಡುತ್ತದೆ. ಆದರೆ ಕದ್ದಿದ್ದೋ ಅಲ್ಲವೋ ಎಂಬ ತೀರ್ಮಾನ ಮೇಷ್ಟರದು. ಹಾಗೇ ಇರಬೇಕು ಕೂಡ. ಸಣ್ಣ ಲ್ಯಾಬ್ ಪ್ರೋಗ್ರಾಂಗಳು ಯಾರು ಬರೆದರೂ ಒಂದೇ ಥರ ಬರಬಹುದು. ಬರೀ ಹೋಲಿಕೆ ನೋಡಿ ಹುಡುಗರಿಗೆ ಸೊನ್ನೆ ಹಾಕುವುದು ಅನ್ಯಾಯ.

ಸ್ನಾತಕೋತ್ತರ, ಪಿಎಚ್‌ಡಿ ಪ್ರಬಂಧಗಳಲ್ಲಿ ನಕಲಿಗೆ ಎಷ್ಟು ಶಿಕ್ಷೆ ಎಂಬುದಕ್ಕೆ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮವಿದೆ. ಹೋಲಿಕೆ ಶೇ 10ರವರೆಗೆ ಇದ್ದರೆ ದಂಡವಿಲ್ಲ. ಶೇ 40 ದಾಟಿದರೆ ಒಂದು ವರ್ಷ ತಿದ್ದಿ ಸಲ್ಲಿಸುವಂತಿಲ್ಲ, 60 ದಾಟಿದರೆ ನೋಂದಣಿಯೇ ರದ್ದು.

ಬಿಟೆಕ್ ಲ್ಯಾಬ್ ಕೋಡಿಗೆ ಈ ಶೇಕಡಾ ಲೆಕ್ಕ ಹೊಂದುವುದಿಲ್ಲ. ಹಾಗಾಗಿ ಮೊದಲ ವಾರವೇ ಮೇಷ್ಟರನ್ನು ಕೇಳಿ: ಗೆಳೆಯರ ಜೊತೆ ಚರ್ಚೆ ಎಲ್ಲಿಯವರೆಗೆ ಸರಿ? ಚಾಟ್‌ಜಿಪಿಟಿ ಬಳಸಬಹುದಾ? ಬಳಸಿದರೆ ಬರೆದು ತಿಳಿಸಬೇಕಾ? ವೈವಾಗೆ (ಮೌಖಿಕ ಪರೀಕ್ಷೆಗೆ) ಎಷ್ಟು ಅಂಕ? ಕೋಡ್ ಕೊಟ್ಟವರಿಗೂ ಶಿಕ್ಷೆ ಇದೆಯಾ? ಉತ್ತರವನ್ನು ಬರವಣಿಗೆಯಲ್ಲೇ ಪಡೆಯಿರಿ.