ಸೊಸೈಟಿ ರಿಪೇರಿ: ಬೆಲ್ಟಿನ ಕೊಕ್ಕೆ ಎಲ್ಲಿದೆ?

ಮುಂಬಯಿ: ಮಳೆ ನಿಂತೊಡನೆ ಸೊಸೈಟಿಗಳಲ್ಲಿ ರಿಪೇರಿ, ಪೇಂಟಿಂಗಿನ ಪರಾಂಚಿ ಏಳುತ್ತದೆ. ಅದರ ಮೇಲೆ ನಿಲ್ಲುವವರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯ ನಮ್ಮವರೂ ಇದ್ದಾರೆ. ಬೆಲ್ಟ್ ಕೊಟ್ಟಿದ್ದೇವೆ ಎನ್ನುತ್ತಾರೆ ಗುತ್ತಿಗೆದಾರರು. ಕೊಟ್ಟರೆ ಸಾಲದು, ಕೊಕ್ಕೆಯನ್ನು ಬಿದಿರಿಗೇ ಸಿಕ್ಕಿಸಿದರೆ ಪರಾಂಚಿ ಕುಸಿದಾಗ ಬೆಲ್ಟೂ ಕೆಳಗೇ. ತಾರಸಿಯ ಗಟ್ಟಿ ಆಧಾರಕ್ಕೆ ಕಟ್ಟಿದ ಪ್ರತ್ಯೇಕ ಹಗ್ಗ ಬೇಕು.

ಕಟ್ಟಡ ಕಾರ್ಮಿಕರಿಗೆ ಕಲ್ಯಾಣ ಮಂಡಳಿ ಎಂಬುದು 1996ರ ಕಾಯಿದೆಯಿಂದ ಬಂತು. ನೋಂದಣಿಗೆ 18ರಿಂದ 60ರೊಳಗಿನ ವಯಸ್ಸು, ಹಿಂದಿನ 12 ತಿಂಗಳಲ್ಲಿ 90 ದಿನಗಳ ದುಡಿಮೆ ಇರಬೇಕು. ಆದರೆ ನಾಕಾದಲ್ಲಿ ನಿಂತು ದಿನಕ್ಕೊಬ್ಬ ಮೇಸ್ತ್ರಿಯ ಹಿಂದೆ ಹೋಗುವವನಿಗೆ ಆ 90 ದಿನಕ್ಕೆ ಸಹಿ ಹಾಕುವವರು ಯಾರು?

ಚದರಡಿಯ ದರವನ್ನು ನಾಲ್ಕು ಬಾರಿ ಚೌಕಾಸಿ ಮಾಡುವ ಸೊಸೈಟಿ ಕಮಿಟಿಗಳಲ್ಲಿ ಕನ್ನಡ ಸಂಘಗಳ ಸದಸ್ಯರೂ ಇದ್ದಾರಲ್ಲ! ಹಗ್ಗ, ವಿಮೆ, ಹಾಜರಿ ಪುಸ್ತಕ ಇವನ್ನೂ ಅವರು ಕರಾರಿನಲ್ಲಿ ಬರೆಸಬಹುದು. ಕೆಲಸ ಮುಗಿದಾಗ ದುಡಿದ ದಿನಗಳ ಚೀಟಿಯನ್ನು ಗುತ್ತಿಗೆದಾರರಿಂದ ಕೊಡಿಸಬಹುದು.