ಅಗ್ಗದ ಪ್ಯಾಂಟು, ದುಬಾರಿ ಕತ್ತರಿ

ಓದಲೆಂದೋ ದುಡಿಯಲೆಂದೋ ಅಮೆರಿಕ, ಇಂಗ್ಲೆಂಡು, ಜರ್ಮನಿಗೆ ಹೊರಟ ಕನ್ನಡಿಗರಿಗೆ ಮೊದಲೇ ಹೋಗಿ ನೆಲೆಸಿದವರು ಹೇಳುವ ಬುದ್ಧಿಮಾತಿನಲ್ಲಿ ಬಟ್ಟೆಯ ವಿಚಾರ ಬೇಗ ಮುಗಿದುಹೋಗುತ್ತದೆ: ಅಲ್ಲಿ ಪ್ಯಾಂಟು, ಶರ್ಟು, ಜೀನ್ಸ್ ಅಗ್ಗ, ಸೂಟ್‌ಕೇಸಿನಲ್ಲಿ ತುಂಬಿಕೊಂಡು ಹೋಗಬೇಡಿ. ಮಾತು ಅರ್ಧ ನಿಜ. ರಿಯಾಯಿತಿ ಮಾರಾಟದ ದಿನಗಳಲ್ಲಿ ಅಲ್ಲಿನ ಅಂಗಡಿಗಳ ಬೆಲೆ ಬೆಂಗಳೂರಿನ ಮಾಲ್‌ಗಳಿಗಿಂತ ಕಡಿಮೆಯೇ ಇರಬಹುದು. ಸುಲಭವಾಗಿ ಸಿಗದಿರುವುದು ಮೈಗೆ ಹೊಂದುವ ಬಟ್ಟೆ. ಭುಜ ಸರಿಯಾಗಿ ಕೂತರೆ ತೋಳು ಬೆರಳಿನ ಗೆಣ್ಣು ಮುಟ್ಟುತ್ತದೆ. ಸೊಂಟ ಸರಿಹೋದರೆ ಕಾಲು ನೆಲ ಗುಡಿಸುತ್ತದೆ. ಎದೆಗೆ ಹೊಂದಿದ ಕೋಟಿಗೆ ಹೊಟ್ಟೆಯ ಮೇಲೆ ಗುಂಡಿ ಹಾಕಲಾಗುವುದಿಲ್ಲ. ಟ್ರಯಲ್ ರೂಮಿನ ಕನ್ನಡಿಯ ಮುಂದೆ ನಿಂತವರಲ್ಲಿ ಹೆಚ್ಚಿನವರು ಇದನ್ನು ತಮ್ಮ ಮೈಯ ಕುಂದೆಂದೇ ತಿಳಿದು ಹೊರಬರುತ್ತಾರೆ. ಕುಂದು ಮೈಯಲ್ಲಿಲ್ಲ. ಬಟ್ಟೆಯ ಬೆಲೆ ಬೇರೆ, ಆ ಬಟ್ಟೆ ಮೈಗೆ ಹೊಂದುವಂತೆ ಮಾಡುವುದರ ಬೆಲೆ ಬೇರೆ. ಪಶ್ಚಿಮದಲ್ಲಿ ಮೊದಲನೆಯದು ಇಳಿಯುತ್ತ ಬಂದಿದೆ, ಎರಡನೆಯದು ಏರುತ್ತಲೇ ಇದೆ. ಅಳತೆಯ ಪಟ್ಟಿ ತಯಾರಿಸುವಾಗ ಯಾರ ಮೈಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲವೋ ಅವರೇ ಈ ಎರಡನೆಯ ಬೆಲೆಯನ್ನು ಹೆಚ್ಚಾಗಿ ತೆರುತ್ತಿದ್ದಾರೆ.

ರೆಡಿಮೇಡ್ ಬಟ್ಟೆಯ ಸೈಜ್ ಎಂಬುದು ನಿಸರ್ಗದತ್ತವಾದ ಸಂಖ್ಯೆಯಲ್ಲ. ಅಮೆರಿಕದ ಕೃಷಿ ಇಲಾಖೆ 1939-40ರಲ್ಲಿ ಸುಮಾರು 15,000 ಮಹಿಳೆಯರ ಮೈ ಅಳೆಯಿಸಿತು. ಒಬ್ಬೊಬ್ಬರಿಂದಲೂ 59 ಅಳತೆಗಳನ್ನು ತೆಗೆದುಕೊಳ್ಳಲಾಯಿತು. 1941ರಲ್ಲಿ ಪ್ರಕಟವಾದ ವರದಿಯಲ್ಲಿ ಬಿಳಿಯ ಮಹಿಳೆಯರ ಅಳತೆಗಳಿಗೆ ಮಾತ್ರ ಜಾಗವಿತ್ತು, ಉಳಿದವರದನ್ನು ಕೈಬಿಡಲಾಗಿತ್ತು. ಆ ಅಂಕಿಅಂಶಗಳ ತಳಹದಿಯ ಮೇಲೆ 1958ರಲ್ಲಿ ಮಹಿಳೆಯರ ಉಡುಪಿಗೆ ಸರ್ಕಾರಿ ಮಾನದಂಡವೊಂದು ಬಂತು. 1983ರಲ್ಲಿ ಅದನ್ನೂ ಹಿಂತೆಗೆದುಕೊಂಡರು. ಆಮೇಲೆ ಒಂದೊಂದು ಕಂಪನಿಗೆ ಒಂದೊಂದು ಪಟ್ಟಿ. ಗಿರಾಕಿಯ ಮನಸ್ಸು ಹಿಗ್ಗಲೆಂದು ದೊಡ್ಡ ಬಟ್ಟೆಗೆ ಚಿಕ್ಕ ನಂಬರು ಅಂಟಿಸುವ ರೂಢಿಯೂ ಬೆಳೆಯಿತು. ಹಾಗಾಗಿ ಒಂದು ಬ್ರಾಂಡಿನ 6ನೇ ಸೈಜು ಇನ್ನೊಂದರ 10ನೇ ಸೈಜಿಗೆ ಸಮನಾದರೆ ಯಾರನ್ನೂ ಕೇಳುವಂತಿಲ್ಲ. ದೇಹದ ಅಳತೆಯನ್ನೇ ಸೆಂಟಿಮೀಟರಿನಲ್ಲಿ ಚೀಟಿಯ ಮೇಲೆ ಬರೆಯಬೇಕೆನ್ನುವ ಮಾನದಂಡವೊಂದು ಯೂರೋಪಿನಲ್ಲಿದೆ. ಆದರೂ ಅಂಗಡಿಗಳಲ್ಲಿ ನಡೆಯುವುದು ಇಂದಿಗೂ 38, 40, ಎಸ್, ಎಂ, ಎಲ್‌ಗಳದೇ ವ್ಯವಹಾರ.

ಪಟ್ಟಿಗಿಂತ ಆಳದ ತೊಡಕೊಂದು ಕತ್ತರಿಸುವ ಮೇಜಿನ ಮೇಲಿದೆ. ಕಂಪನಿ ಮೊದಲು ನಡುವಿನ ಒಂದು ಸೈಜನ್ನು ಹೊಲಿಸಿ, ಆ ಅಳತೆಯ ಜೀವಂತ ವ್ಯಕ್ತಿಯೊಬ್ಬರ ಮೈಮೇಲೆ ಹಾಕಿ ತಿದ್ದುತ್ತದೆ. ಮಿಕ್ಕ ಸೈಜುಗಳನ್ನು ಯಾರ ಮೈಮೇಲೂ ನೋಡದೆ, ಅದೇ ನಕ್ಷೆಯನ್ನು ಇಷ್ಟಿಷ್ಟು ಹಿಗ್ಗಿಸು, ಇಷ್ಟಿಷ್ಟು ಕುಗ್ಗಿಸು ಎಂಬ ಗೊತ್ತಾದ ಲೆಕ್ಕದಲ್ಲಿ ಪಡೆಯುವುದು ಸಾಮಾನ್ಯ ಪದ್ಧತಿ. ನಡುವಿನಿಂದ ದೂರ ಹೋದಷ್ಟೂ ತಪ್ಪು ಬೆಳೆಯುತ್ತದೆ. ಅಮೆರಿಕದ ಗಂಡಸಿನ ಸರಾಸರಿ ಎತ್ತರ ಸುಮಾರು 175 ಸೆಂ.ಮೀ., ಹೆಂಗಸಿನದು 161. ಭಾರತದಲ್ಲಿ ಇವು ಸುಮಾರು 165 ಮತ್ತು 152. ಹತ್ತು ಸೆಂಟಿಮೀಟರಿನ ಈ ಅಂತರ ಕಾಲಿನ ತುದಿಯೊಂದರಲ್ಲೇ ಇರುವುದಿಲ್ಲ. ಗಿಡ್ಡ ಮೈಯಲ್ಲಿ ಮೊಣಕಾಲು, ಮೊಣಕೈ, ನಡು, ಕಂಕುಳು ಎಲ್ಲವೂ ಬಟ್ಟೆ ಎಣಿಸಿದ್ದಕ್ಕಿಂತ ಒಂದಿಷ್ಟು ಮೇಲಿರುತ್ತವೆ. ಇನ್ನು ಅಗಲದ ಮಾತು. ಸೆಟ್ಟಾಗಿ ಮಾರುವ ಅಮೆರಿಕದ ಸೂಟಿನಲ್ಲಿ ಎದೆಗೂ ಸೊಂಟಕ್ಕೂ ಸಾಮಾನ್ಯವಾಗಿ 6 ಇಂಚು ವ್ಯತ್ಯಾಸ ಇಟ್ಟಿರುತ್ತಾರೆ. ಎದೆ 40 ಇದ್ದವನ ಸೊಂಟ 34 ಎಂದು ಆ ಸೂಟು ಭಾವಿಸಿರುತ್ತದೆ. ನಮ್ಮ ಕಡೆಯ ಗಂಡಸರಲ್ಲಿ ಕೈಕಾಲು ಸಣ್ಣಗಿದ್ದರೂ ಕೊಬ್ಬು ಹೊಟ್ಟೆಯ ಸುತ್ತ ಕೂಡುವುದು ಹೆಚ್ಚು. ಈ ಕಾರಣಕ್ಕೇ ವೈದ್ಯರು ಸೊಂಟದ ಸುತ್ತಳತೆಯ ಅಪಾಯದ ಗೆರೆಯನ್ನು ಯೂರೋಪಿನ ಗಂಡಸರಿಗೆ 94 ಸೆಂ.ಮೀ. ಎಂದಿಟ್ಟು ದಕ್ಷಿಣ ಏಷ್ಯಾದವರಿಗೆ 90ಕ್ಕೆ ಇಳಿಸಿದ್ದಾರೆ. ವೈದ್ಯಶಾಸ್ತ್ರ ಒಪ್ಪಿಕೊಂಡ ಈ ಭೇದವನ್ನು ಸೂಟು ಮಾರುವ ಅಂಗಡಿ ಇನ್ನೂ ಒಪ್ಪಿಕೊಂಡಿಲ್ಲ.

ಇದನ್ನು ಬರೀ ಬಿಳಿಯರ ಪಕ್ಷಪಾತವೆಂದು ತಳ್ಳಿಹಾಕಿದರೆ ವಿಷಯ ಪೂರ್ತಿ ಅರ್ಥವಾಗುವುದಿಲ್ಲ. ಟೋಕಿಯೊ, ಸೋಲ್ ನಗರಗಳಲ್ಲಿ ನೆಲೆಸಿರುವ ಅಮೆರಿಕನ್ನರು, ಯೂರೋಪಿಯನ್ನರು ಪಡುವ ಪಾಡು ಇದರ ತಿರುವುಮುರುವು. ತೋಳು ಮಣಿಕಟ್ಟಿನ ಮೇಲೇ ನಿಲ್ಲುತ್ತದೆ, ಬೆನ್ನು ಬಿಗಿಯುತ್ತದೆ, ಕಾಲಿಗಾಗುವ ಬೂಟು ಸಿಗುವುದಿಲ್ಲ. ಕೊರಿಯದ ಹೆಂಗಸರ ಉಡುಪಿನಲ್ಲಿ 55 ಎಂಬ ಸೈಜು ಹುಟ್ಟಿದ್ದು 1981ರಲ್ಲಿ, ಆಗಿನ ಯುವತಿಯರ ಸರಾಸರಿ ಎತ್ತರ 155 ಮತ್ತು ಎದೆಯ ಸುತ್ತಳತೆ 85 ಎಂಬೆರಡು ಸಂಖ್ಯೆಗಳ ಕೊನೆಯ ಅಂಕಿಗಳನ್ನು ಜೋಡಿಸಿ. ಅಧಿಕೃತ ಮಾನದಂಡ ಬದಲಾದ ಮೇಲೂ ಜನರ ಬಾಯಲ್ಲಿ ಅದು ಉಳಿದಿದೆ. ಜಪಾನು ಮಾತ್ರ ಗಂಡಸರ ಸೂಟಿನಲ್ಲಿ ವಿವೇಕ ತೋರಿಸಿದೆ. ಎತ್ತರದ ಜೊತೆಗೆ ಎದೆ-ಸೊಂಟದ ವ್ಯತ್ಯಾಸಕ್ಕೂ ಅಲ್ಲಿ ಪ್ರತ್ಯೇಕ ಗುರುತುಗಳಿವೆ. ವ್ಯತ್ಯಾಸ 12 ಸೆಂ.ಮೀ. ಇದ್ದರೆ ಎ, 8 ಇದ್ದರೆ ಬಿ, ವ್ಯತ್ಯಾಸವೇ ಇಲ್ಲದ ಗುಂಡು ಮೈಯವರಿಗೆ ಇ. ಹೊಟ್ಟೆಯಿರುವ ಗಿಡ್ಡ ಗಂಡಸು ಷಿಕಾಗೊದಲ್ಲಿ ಪಡುವ ಪಾಡನ್ನು ಒಸಾಕದಲ್ಲಿ ಪಡಬೇಕಾಗಿಲ್ಲ. ಪಟ್ಟಿ ಮಾಡುವವರು ಮನಸ್ಸು ಮಾಡಿದರೆ ಮೈಯ ವೈವಿಧ್ಯಕ್ಕೆ ಜಾಗ ಕೊಡಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಹಾಗಾದರೆ ಬೆಂಗಳೂರು, ಹುಬ್ಬಳ್ಳಿ, ಮಂಗಳೂರುಗಳಲ್ಲಿದ್ದಾಗ ಇದೇ ಜನಕ್ಕೆ ರೆಡಿಮೇಡ್ ಬಟ್ಟೆ ಹೇಗೆ ಹೊಂದುತ್ತಿತ್ತು? ಹೊಂದುತ್ತಿರಲಿಲ್ಲ. ಭಾರತದ ಬ್ರಾಂಡುಗಳೂ ಬಹುಕಾಲದಿಂದ ಅಮೆರಿಕ, ಇಂಗ್ಲೆಂಡಿನ ಪಟ್ಟಿಗಳನ್ನೇ ಅಷ್ಟಿಷ್ಟು ತಿದ್ದಿ ಬಳಸುತ್ತ ಬಂದಿವೆ. ನಮ್ಮದೇ ಪಟ್ಟಿ ಬೇಕೆಂದು ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ (ನಿಫ್ಟ್) ‘ಇಂಡಿಯಾ ಸೈಜ್’ ಯೋಜನೆಯನ್ನು ಕೈಗೆತ್ತಿಕೊಂಡದ್ದು ತೀರ ಈಚೆಗೆ. ಬೆಂಗಳೂರೂ ಸೇರಿ ಆರು ನಗರಗಳಲ್ಲಿ 25,000 ಜನರ ಮೈಯನ್ನು ಸ್ಕ್ಯಾನರ್‌ನಿಂದ ಅಳೆಯುವುದು ಅದರ ಗುರಿಯಾಗಿತ್ತು. ಅಷ್ಟು ವರ್ಷ ನಾವು ಎರವಲು ಪಟ್ಟಿಯ ಬಟ್ಟೆಯನ್ನೇ ತೊಟ್ಟೆವು. ಅದು ನಮ್ಮ ಗಮನಕ್ಕೆ ಬರದಿದ್ದದ್ದು ಬೀದಿ ತುದಿಯ ಟೈಲರ್‌ನಿಂದ. ಜೀನ್ಸ್ ಕೊಂಡ ಅಂಗಡಿಯಲ್ಲೇ ಉದ್ದ ಕತ್ತರಿಸಿ ಕೊಡುತ್ತಾರೆ. ಲೂಸಾದ ಸೊಂಟವನ್ನು ಹಿಡಿಸಲು, ಕುರ್ತಾದ ಪಕ್ಕ ಒಳಗೆ ತೆಗೆಸಲು, ಶರ್ಟಿನ ತೋಳು ಗಿಡ್ಡ ಮಾಡಿಸಲು ಒಂದು ಕಾಫಿ-ತಿಂಡಿಯ ದುಡ್ಡು ಸಾಕು. ಆಲ್ಟರೇಷನ್ ಎಂಬುದು ನಮ್ಮಲ್ಲಿ ಖರೀದಿಯ ಕೊನೆಯ ಹೆಜ್ಜೆಯಾಗಿ ಎಷ್ಟು ಸಹಜವಾಗಿದೆಯೆಂದರೆ, ಅದನ್ನು ಯಾರೂ ಬೇರೆ ಖರ್ಚೆಂದು ಬರೆದಿಡುವುದಿಲ್ಲ. ಕಾರ್ಖಾನೆ ಬಿಟ್ಟ ತಪ್ಪನ್ನು ಆ ಟೈಲರ್ ಸದ್ದಿಲ್ಲದೆ ಮುಚ್ಚುತ್ತಿದ್ದ. ಪರದೇಶಕ್ಕೆ ಹೋದವರು ಕಳೆದುಕೊಳ್ಳುವುದು ಆ ಕೈಯನ್ನು.

ಆ ಕೈ ಅಲ್ಲಿಯೂ ಇದೆ, ಅದರ ಗಂಟೆಯ ಬೆಲೆ ಬೇರೆ. ಇಂಗ್ಲೆಂಡಿನಲ್ಲಿ 2025ರ ಏಪ್ರಿಲ್‌ನಲ್ಲಿ 21 ತುಂಬಿದವರಿಗೆ ಕಾನೂನು ನಿಗದಿಪಡಿಸಿದ ಕನಿಷ್ಠ ಕೂಲಿ ಗಂಟೆಗೆ 12.21 ಪೌಂಡು ಆಗಿತ್ತು. ಇದಕ್ಕೆ ಅಂಗಡಿಯ ಬಾಡಿಗೆ, ತೆರಿಗೆ ಸೇರಿಸಿದರೆ, ಸೊಂಟ ಹಿಡಿದು ತುದಿ ಮಡಿಸಿಕೊಡುವ ಖರ್ಚು ಅಗ್ಗದ ಜೀನ್ಸಿನ ಬೆಲೆಯನ್ನೇ ಮುಟ್ಟುತ್ತದೆ. ಅಗ್ಗದ ಬಟ್ಟೆ ಕೊಳ್ಳುವವರು ಆಲ್ಟರ್ ಮಾಡಿಸದೆ ಹಾಗೆಯೇ ತೊಡುತ್ತಾರೆ ಅಥವಾ ಕಪಾಟಿನಲ್ಲಿ ಬಿಡುತ್ತಾರೆ. ಗಿಡ್ಡ ಮೈಕಟ್ಟಿನ ಹೆಂಗಸರು ಮಕ್ಕಳ ವಿಭಾಗಕ್ಕೆ ತಿರುಗುವುದೂ ಇದರಿಂದಲೇ. ಇಂಗ್ಲೆಂಡಿನಲ್ಲಿ ದೊಡ್ಡವರ ಬಟ್ಟೆಗೆ ಶೇಕಡ 20 ವ್ಯಾಟ್ ಇದ್ದರೆ ಚಿಕ್ಕ ಮಕ್ಕಳ ಬಟ್ಟೆಗೆ ಅದು ಸೊನ್ನೆ. ಟಿ-ಶರ್ಟು, ಸ್ವೆಟರು, ಮಳೆ ಕೋಟಿನ ಮಟ್ಟಿಗೆ ಇದು ಜಾಣ ಖರೀದಿ. ಆಫೀಸಿನ ಉಡುಪಿಗೆ ಆಗದು. ಮಕ್ಕಳ ಬಟ್ಟೆಯಲ್ಲಿ ಎದೆಗೂ ಪೃಷ್ಠಕ್ಕೂ ಜಾಗವೇ ಇಟ್ಟಿರುವುದಿಲ್ಲ. ಗಿಡ್ಡ ಹೆಂಗಸರಿಗಾಗಿಯೇ ಇರುವ ಪೆಟೀಟ್ ವಿಭಾಗ ನಿಜವಾದ ಉತ್ತರಕ್ಕೆ ಹತ್ತಿರ, ಏಕೆಂದರೆ ಒಳ್ಳೆಯ ಪೆಟೀಟ್ ಬಟ್ಟೆಯಲ್ಲಿ ನಡು, ಕಂಕುಳು, ಮೊಣಕಾಲಿನ ಜಾಗವನ್ನೇ ಮೇಲೆತ್ತಿರುತ್ತಾರೆ. ಶಾರ್ಟ್ ಎಂದು ಬರೆದ ಪ್ಯಾಂಟಿನಲ್ಲಿ ಬಹುತೇಕ ಕಾಲಿನ ಉದ್ದ ಮಾತ್ರ ಕತ್ತರಿಸಿರುತ್ತದೆ.

ಈಗಿನ ಬಟ್ಟೆ ಎಳೆದರೆ ಹಿಗ್ಗುತ್ತದೆ, ಇಷ್ಟೆಲ್ಲ ಅಳತೆಯ ಚಿಂತೆ ಯಾಕೆ ಎಂದು ಕೇಳುವವರಿದ್ದಾರೆ. ಎಲಾಸ್ಟೇನ್ ನೂಲು ಅಗಲದ ತೊಂದರೆಯನ್ನು ಎಷ್ಟೋ ನೀಗಿಸಿದೆ, ಅದು ದಿಟ. ಆದರೆ ಹಿಗ್ಗುವ ಬಟ್ಟೆ ಉದ್ದವನ್ನು ಕುಗ್ಗಿಸಲಾರದು, ಇಳಿದ ಭುಜವನ್ನು ಮೇಲೆತ್ತಲಾರದು. ಆನ್‌ಲೈನಿನಲ್ಲಿ ಮೂರು ಸೈಜು ತರಿಸಿ ಎರಡನ್ನು ವಾಪಸು ಕಳಿಸಿದರಾಯಿತು ಎಂಬುದು ಇನ್ನೊಂದು ಸಲಹೆ. ಮೂರು ಸೈಜೂ ಒಂದೇ ನಕ್ಷೆಯಿಂದ ಬಂದಿದ್ದರೆ ಮೂರರ ತಪ್ಪೂ ಒಂದೇ ಜಾತಿಯದು. ವಾಪಸಾತಿಯೂ ಈಗ ಎಲ್ಲೆಡೆ ಪುಕ್ಕಟೆಯಲ್ಲ. ಬಟ್ಟೆ ಮಾರುವ ಝಾರಾ ಕಂಪನಿ ಇಂಗ್ಲೆಂಡಿನಲ್ಲಿ 2022ರಿಂದಲೇ ಅಂಚೆಯ ವಾಪಸಾತಿಗೆ 1.95 ಪೌಂಡು ಹಿಡಿದುಕೊಳ್ಳತೊಡಗಿತು.

ಊರಿಗೆ ಬಂದಾಗ ಹೊಲಿಸಿಕೊಂಡು ಹೋಗಬಹುದಲ್ಲ ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಆಫೀಸಿನ ಶರ್ಟು, ಫಾರ್ಮಲ್ ಪ್ಯಾಂಟುಗಳ ವಿಷಯದಲ್ಲಿ ಅದು ಸರಿಯಾದ ದಾರಿಯೇ. ಒಳ್ಳೆಯ ಬಟ್ಟೆ, ಅನುಭವಿ ಟೈಲರ್ ಸಿಕ್ಕರೆ ಅದಕ್ಕೆ ಸಾಟಿಯಿಲ್ಲ. ಆದರೆ ಹಿಮದ ಊರಿಗೆ ಬೇಕಾದ ದಪ್ಪ ಕೋಟು ನಮ್ಮ ಬಹುತೇಕ ಟೈಲರ್‌ಗಳು ದಿನವೂ ಹೊಲಿಯುವ ಬಟ್ಟೆಯಲ್ಲ. ಜೀನ್ಸು, ಸ್ವೆಟರುಗಳಿಗೆ ಬೇರೆಯೇ ಯಂತ್ರ ಬೇಕು. ಮೈಯೂ ಎರಡು ವರ್ಷಕ್ಕೊಮ್ಮೆ ಊರಿಗೆ ಬರುವವರೆಗೆ ಇದ್ದಂತೆ ಇರುವುದಿಲ್ಲ. ಕೊರಿಯರ್‌ನಲ್ಲಿ ತರಿಸೋಣವೆಂದರೆ, 800 ಡಾಲರ್‌ವರೆಗಿನ ಪಾರ್ಸೆಲ್ಲಿಗೆ ಅಮೆರಿಕ ಕೊಡುತ್ತಿದ್ದ ಸುಂಕ ವಿನಾಯಿತಿ 2025ರ ಆಗಸ್ಟ್‌ನಲ್ಲಿ ಕೊನೆಗೊಂಡಿತು.

ಎಲ್ಲಕ್ಕಿಂತ ಗಂಭೀರವಾದ ಆಕ್ಷೇಪ ನೀತಿಯದು. ನಮ್ಮೂರಲ್ಲಿ ಆಲ್ಟರೇಷನ್ ಅಗ್ಗವಾಗಿರುವುದು ಟೈಲರ್‌ನ ದುಡಿಮೆಗೆ ನಾವು ಕಡಿಮೆ ಕೊಡುವುದರಿಂದ. ಅದನ್ನು ಹಂಬಲಿಸುವುದು ನ್ಯಾಯವೇ? ಅಲ್ಲ, ಟೈಲರ್‌ನ ಗಂಟೆ ದುಬಾರಿಯಾಗಿಯೇ ಇರಬೇಕು. ತಪ್ಪಿರುವುದು ಇನ್ನೊಂದು ಕಡೆ. ಲಂಡನ್ನಿನಲ್ಲಿ ತುದಿ ಮಡಿಸಲು ಹಿಡಿಯುವ ಅರ್ಧ ಗಂಟೆಗೆ ಬೆಲೆಯಿದೆ. ಅದೇ ಪ್ಯಾಂಟನ್ನು ಪೀಣ್ಯದಲ್ಲೋ ಬೊಮ್ಮನಹಳ್ಳಿಯಲ್ಲೋ ಹೊಲಿದ ಹೆಂಗಸಿನ ಗಂಟೆಗೆ ಆ ಬೆಲೆಯ ಸಣ್ಣ ಪಾಲಷ್ಟೇ ಸಿಗುತ್ತದೆ. ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಹೆಂಗಸರು. ವಿದೇಶಿ ಕಂಪನಿ ಕಳಿಸಿದ ಅಳತೆಯ ಪಟ್ಟಿಯಂತೆ, ಕೂದಲೆಳೆಯಷ್ಟೂ ತಪ್ಪದೆ ಅವರು ಹೊಲಿಯುತ್ತಾರೆ. ಆ ಪಟ್ಟಿಯಲ್ಲಿ ಅವರ ಮೈಗೂ ಜಾಗವಿಲ್ಲ, ಅವರ ಪಕ್ಕದ ಮನೆಯಿಂದ ನ್ಯೂಜೆರ್ಸಿಗೆ ಹೋದ ಎಂಜಿನಿಯರ್ ಹುಡುಗಿಯ ಮೈಗೂ ಇಲ್ಲ. ಹೊಲಿದವಳಿಗೆ ನ್ಯಾಯವಾದ ಕೂಲಿ ಸಂದರೆ ಪ್ಯಾಂಟಿನ ಬೆಲೆ ಏರುತ್ತದೆ. ಏರಿದರೆ ಕೆಲವೇ ಬಟ್ಟೆ ಕೊಂಡು ಸರಿಪಡಿಸಿಕೊಂಡು ತೊಡುವುದು ಮತ್ತೆ ಲೆಕ್ಕಕ್ಕೆ ಕೂಡಿಬರುತ್ತದೆ. ಅಗ್ಗದ ಎರಡು ಜೀನ್ಸಿನ ಬದಲು ಒಂದನ್ನು ಕೊಂಡು ಅದರ ಫಿಟಿಂಗಿಗೆ ಉಳಿದ ದುಡ್ಡು ಕೊಡುವುದು ಈಗಲೂ ಸಾಧ್ಯವಿರುವ ದಾರಿ.

ಆ ದಾರಿ ಹಿಡಿಯುವವರು ಎಲ್ಲಿ ಬಿಟ್ಟುಕೊಡಬಹುದು, ಎಲ್ಲಿ ಕೂಡದು ಎಂದು ತಿಳಿದಿರಬೇಕು. ತುದಿ, ಸೊಂಟ, ತೋಳಿನ ಉದ್ದಗಳನ್ನು ಯಾವ ಟೈಲರ್ ಬೇಕಾದರೂ ತಿದ್ದಬಲ್ಲ. ಭುಜ, ಕಂಕುಳು, ಪ್ಯಾಂಟಿನಲ್ಲಿ ಸೊಂಟದಿಂದ ಕವಲಿನವರೆಗಿನ ಉದ್ದ ಇವನ್ನು ತಿದ್ದುವುದು ಬಟ್ಟೆಯನ್ನು ಬಿಚ್ಚಿ ಮತ್ತೆ ಹೊಲಿದಂತೆ. ಆದ್ದರಿಂದ ಕೋಟನ್ನು ಭುಜ ನೋಡಿ ಕೊಳ್ಳಬೇಕು, ಶರ್ಟನ್ನು ಭುಜ ಮತ್ತು ಕಾಲರ್ ನೋಡಿ, ಪ್ಯಾಂಟನ್ನು ಕೂತು ಎದ್ದು ನೋಡಿ. ಒಳಮಗ್ಗುಲು ತಿರುಗಿಸಿ ಹೊಲಿಗೆಯ ಬದಿಯಲ್ಲಿ ಮಾರ್ಜಿನ್ ಬಿಟ್ಟಿದ್ದಾರೆಯೇ ನೋಡಬೇಕು. ಓವರ್‌ಲಾಕ್ ಮಾಡಿ ಅಂಚಿನವರೆಗೂ ಕತ್ತರಿಸಿದ ಅಗ್ಗದ ಬಟ್ಟೆಯನ್ನು ಬಿಗಿ ಮಾಡಬಹುದು, ಸಡಿಲ ಮಾಡಲಾಗದು. ಕೋಟಿನ ತೋಳಿನ ತುದಿಯ ಗುಂಡಿಗಳು ನಿಜವಾಗಿ ಬಿಚ್ಚುವಂಥವಾಗಿದ್ದರೆ ಅಲ್ಲಿಂದ ತೋಳು ಗಿಡ್ಡ ಮಾಡುವುದು ಕಷ್ಟ. ಔಟ್‌ಲೆಟ್ ಮಾಲ್‌ಗಳಲ್ಲಿ ಮಾರುವ ಬಟ್ಟೆಯಲ್ಲಿ ಬಹಳಷ್ಟು ಔಟ್‌ಲೆಟ್ಟಿಗೆಂದೇ ಕಡಿಮೆ ಖರ್ಚಿನಲ್ಲಿ ತಯಾರಾದದ್ದು, ದೊಡ್ಡ ಅಂಗಡಿಯಲ್ಲಿ ಉಳಿದದ್ದಲ್ಲ. ಹಾಗಾಗಿ ಅದೇ ಬ್ರಾಂಡಿನ ಅದೇ ನಂಬರು ಅಲ್ಲಿ ಬೇರೆಯಾಗಿ ಕೂರಬಹುದು. ಇನ್ನು ಟೈಲರ್‌ಗಳನ್ನು ಹುಡುಕುವುದು. ಅಮೆರಿಕದಲ್ಲಿ ಡ್ರೈಕ್ಲೀನಿಂಗ್ ಅಂಗಡಿಗಳು ಆಲ್ಟರೇಷನ್ನಿಗೂ ಬಟ್ಟೆ ತೆಗೆದುಕೊಳ್ಳುವುದು ವಾಡಿಕೆ. ಜರ್ಮನಿಯ ಊರುಗಳಲ್ಲಿ ಇದಕ್ಕೆಂದೇ ಇರುವ ಪುಟ್ಟ ಅಂಗಡಿಗಳಲ್ಲಿ ಹಲವನ್ನು ಟರ್ಕಿ ಮೂಲದವರು ನಡೆಸುತ್ತಾರೆ. ಲಂಡನ್ನಿನ ಸೌತಾಲ್, ವೆಂಬ್ಲಿ, ಲೆಸ್ಟರಿನ ಬೆಲ್‌ಗ್ರೇವ್ ರಸ್ತೆ, ನ್ಯೂಜೆರ್ಸಿಯ ಓಕ್ ಟ್ರೀ ರಸ್ತೆ, ಷಿಕಾಗೊದ ಡೆವನ್ ಅವೆನ್ಯೂ ಮುಂತಾದೆಡೆ ಸೀರೆಗೆ ರವಿಕೆ ಹೊಲಿದುಕೊಡುವವರಿಗೆ ಪ್ಯಾಂಟಿನ ಸೊಂಟ ಹಿಡಿಯುವುದು ದೊಡ್ಡ ಕೆಲಸವೇನಲ್ಲ, ನಮ್ಮ ಮೈಕಟ್ಟೂ ಅವರಿಗೆ ಗೊತ್ತು. ಹೊಸದಾಗಿ ಬಂದವರಿಗೆ ದಿನಸಿ ಅಂಗಡಿ, ದೇವಸ್ಥಾನ, ಡಾಕ್ಟರರ ವಿಳಾಸ ಹೇಳಿಕೊಡುವ ಅಲ್ಲಿನ ಕನ್ನಡ ಕೂಟಗಳು ಆ ಪಟ್ಟಿಗೆ ನಂಬಿಕೆಯ ಒಬ್ಬಿಬ್ಬರು ಟೈಲರ್‌ಗಳನ್ನೂ, ಅವರು ತೆಗೆದುಕೊಳ್ಳುವ ಕೂಲಿಯನ್ನೂ ಸೇರಿಸಬೇಕು.