ಸಾಲ್ಮನ್ ಮೀನಿಗಾಗಿ ತೊರೆಯಲ್ಲಿ ಮರ

ಪ್ರಶ್ನೆ: ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಮೀನುಗಳಿಗಾಗಿ ತೊರೆಗೆ ದಿಮ್ಮಿಗಳನ್ನು ಇಳಿಸುವರಂತೆ, ಏಕೆ?

ಉತ್ತರ: ಕಡಲಿನಿಂದ ಮರಳಿ ತಾನು ಹುಟ್ಟಿದ ತೊರೆಯ ಜಲ್ಲಿಯಲ್ಲಿ ಮೊಟ್ಟೆಯಿಟ್ಟು ಪ್ರಾಣಬಿಡುವ ಕೋಹೋ ಸಾಲ್ಮನ್ನಿನ ಮರಿಗಳು ಸುಮಾರು ಒಂದು ವರ್ಷಕಾಲ ಸಿಹಿನೀರಿನಲ್ಲಿಯೇ ಬೆಳೆಯಬೇಕಾದುದರಿಂದ, ಬೇಸಗೆಯಲ್ಲಿ ತಣ್ಣನೆಯ ಮಡುವೂ ಚಳಿಗಾಲದ ಪ್ರವಾಹದಲ್ಲಿ ಮಂದಗತಿಯ ಆಶ್ರಯವೂ ಅವಕ್ಕೆ ಅತ್ಯಾವಶ್ಯಕ. ಹಿಂದೆ, ಉರುಳಿಬಿದ್ದ ಹೆಮ್ಮರಗಳೇ ಜಲ್ಲಿಯನ್ನು ತಡೆದು ಇವನ್ನು ನಿರ್ಮಿಸುತ್ತಿದ್ದುವು. ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ, ಮೀನಿನ ಹಾದಿಗೆ ಅಡ್ಡಿಯೆಂದು ಭಾವಿಸಿ, ಅಧಿಕಾರಿಗಳೇ ಆ ಮರಗಳನ್ನು ತೆಗೆಸಿದುದು ಶೋಚನೀಯ. ಆ ಕೊರತೆಯನ್ನು ನೀಗಲೆಂದೇ ಈಗ ದಿಮ್ಮಿಗಳನ್ನು ಇಳಿಸುವುದು. ಅಲ್ಲಿಯ ನೆಲವಾದರೋ, ಒಂದು ಚದರಮೈಲಿ ಕೇಂದ್ರದ ಭೂನಿರ್ವಹಣಾ ಇಲಾಖೆಯದು, ಪಕ್ಕದ್ದು ಅನ್ಯರದು ಎಂಬಂತೆ ಅನೇಕ ಕಡೆ ಚದುರಂಗದ ಮಣೆಯಾಗಿ ಹಂಚಿಹೋಗಿದೆ. ಆದಕಾರಣ ಆ ಇಲಾಖೆಯೂ ಕೇಂದ್ರದ ಅರಣ್ಯ ಸೇವೆಯೂ ರಾಜ್ಯದ ಇಲಾಖೆಗಳೂ ನೆರೆಹೊರೆಯವರೊಡಗೂಡಿ ದಿಮ್ಮಿಗಳನ್ನು, ಕೆಲವೆಡೆ ಹೆಲಿಕಾಪ್ಟರಿನಿಂದಲೇ, ಇಳಿಸುವರು. ಮೀನು ಮೇಲೇರಲೆಂದು ರಸ್ತೆಯಡಿಯ ಇಕ್ಕಟ್ಟಾದ ಮೋರಿಗಳನ್ನೂ ಅಗಲಗೊಳಿಸುವರು.